ಅವಧಿ ಮುಗಿದ ಡೊಮೇನ್ ಹೆಸರು: ಹರಾಜಿಗೆ ಹೋಗಬೇಕೆ, ಬ್ಯಾಕ್‌ಆರ್ಡರ್ ಇಡಬೇಕೆ, ಕಾಯಬೇಕೆ?

ಡೊಮೇನ್ ಹೆಸರಿನ, ಅಂದರೆ ವೆಬ್‌ಸೈಟ್ ವಿಳಾಸದ, ಅವಧಿ ಮುಗಿದ ಮರುದಿನವೇ ಅದು ಮಾರುಕಟ್ಟೆಗೆ ಬಂದುಬಿಡುತ್ತದೆ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಹಾಗಾಗುವುದಿಲ್ಲ. .ಕಾಂ ಹೆಸರಾದರೆ ಅವಧಿ ಮುಗಿದ ದಿನದಿಂದ ಪೂರ್ತಿ ಬಿಡುಗಡೆಯಾಗಲು ಹೆಚ್ಚೆಂದರೆ ಸುಮಾರು 80 ದಿನ ಹಿಡಿಯುತ್ತದೆ. ಆ ದಿನಗಳಲ್ಲಿ ನಾಲ್ಕೈದು ಬಾಗಿಲು ಒಂದೊಂದಾಗಿ ತೆರೆದು ಮುಚ್ಚಿಕೊಳ್ಳುತ್ತವೆ. ಬ್ಯಾಕ್‌ಆರ್ಡರ್ (ಹೆಸರು ಬಿಡುಗಡೆಯಾದ ಕೂಡಲೇ ಹಿಡಿದುಕೊಡಿ ಎಂದು ಒಂದು ಸೇವೆಗೆ ಮೊದಲೇ ಹೇಳಿಡುವುದು) ಒಳ್ಳೆಯದೋ ಹರಾಜು ಒಳ್ಳೆಯದೋ ಎಂದು ಕೇಳುವ ಮೊದಲು ಆ ಹೆಸರು ಈಗ ಎಷ್ಟನೇ ದಿನದಲ್ಲಿದೆ ಎಂದು ತಿಳಿದುಕೊಳ್ಳಬೇಕು. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ ಹೋಂಸ್ಟೇ ನಡೆಸುವವರು, ತೋಟದ ಕಾಫಿಯನ್ನು ಸ್ವಂತ ಹೆಸರಿನಲ್ಲಿ ಮಾರುವವರು, ಹಾಸನದಲ್ಲಿ ಅಂಗಡಿ, ಕೋಚಿಂಗ್ ಕ್ಲಾಸು, ಕ್ಲಿನಿಕ್ ಇಟ್ಟುಕೊಂಡವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇವೆ. ಡೊಮೇನ್ ವ್ಯಾಪಾರವನ್ನೇ ಕಸುಬು ಮಾಡಿಕೊಂಡವರ ಲೆಕ್ಕಾಚಾರ ಬೇರೆ. ಅದನ್ನು ಇಲ್ಲಿ ತಂದಿಲ್ಲ.

ಮೊದಲು ತಾರೀಖು ನೋಡಿ

ಒಂದು ಉದಾಹರಣೆ ಹಿಡಿಯೋಣ. .ಕಾಂ ಹೆಸರೊಂದರ ಅವಧಿ ಜೂನ್ 10ಕ್ಕೆ ಮುಗಿಯಿತು, ಮಾಲೀಕರು ರಿನ್ಯೂ ಮಾಡಿಸಲಿಲ್ಲ. ರಿಜಿಸ್ಟ್ರಾರ್, ಅಂದರೆ ಹೆಸರನ್ನು ಮಾರಿದ ಕಂಪನಿ, ಅದನ್ನು ಗರಿಷ್ಠ 45 ದಿನ ತನ್ನ ಬಳಿ ಇಟ್ಟುಕೊಳ್ಳಬಹುದು. ಇದು ಗ್ರೇಸ್ ಅವಧಿ, ಜುಲೈ 25ರವರೆಗೆ. ಅಲ್ಲಿ ಡಿಲೀಟ್ ಮಾಡಿದರೆ 30 ದಿನದ ರಿಡೆಂಪ್ಷನ್ ಅವಧಿ, ಅಂದರೆ ಹಳೆಯ ಮಾಲೀಕರು ಹೆಚ್ಚಿನ ಶುಲ್ಕ ಕಟ್ಟಿ ಬಿಡಿಸಿಕೊಳ್ಳಬಹುದಾದ ಕಾಲ, ಶುರುವಾಗಿ ಆಗಸ್ಟ್ 24ಕ್ಕೆ ಮುಗಿಯುತ್ತದೆ. ಆಮೇಲಿನ 5 ದಿನ ಪೆಂಡಿಂಗ್ ಡಿಲೀಟ್. ಆ ಐದು ದಿನ ಹಳೆಯ ಮಾಲೀಕರೂ ಹೆಸರನ್ನು ಮುಟ್ಟುವಂತಿಲ್ಲ, ಬೇರೆಯವರೂ ಮುಟ್ಟುವಂತಿಲ್ಲ. ಆಗಸ್ಟ್ 29ಕ್ಕೆ ಹೆಸರು ಉದುರುತ್ತದೆ, ಅಂದರೆ ಯಾರು ಬೇಕಾದರೂ ನೋಂದಾಯಿಸಿಕೊಳ್ಳಬಹುದು. ರಿಜಿಸ್ಟ್ರಾರ್ 45 ದಿನ ಕಾಯದೆ 30ನೇ ದಿನಕ್ಕೇ ಡಿಲೀಟ್ ಮಾಡಿದರೆ ಈ ಲೆಕ್ಕವೆಲ್ಲ ಅಷ್ಟು ದಿನ ಮುಂಚೆ ಬರುತ್ತದೆ. .ನೆಟ್, .ಆರ್ಗ್‌ನಂಥ ಹೆಸರುಗಳಿಗೂ ಇದೇ ಕ್ರಮ. .ಇನ್ ಹೆಸರುಗಳನ್ನು ನಮ್ಮ ದೇಶದ ನಿಕ್ಸಿ ಎಂಬ ಸಂಸ್ಥೆ ನೋಡಿಕೊಳ್ಳುತ್ತದೆ. ಅಲ್ಲಿಯೂ ಗ್ರೇಸ್, ರಿಡೆಂಪ್ಷನ್, ಪೆಂಡಿಂಗ್ ಡಿಲೀಟ್ ಎಂಬ ಹಂತಗಳಿವೆ. ಆದರೆ ಗ್ರೇಸ್ ಎಷ್ಟು ದಿನ ಎಂಬುದು ರಿಜಿಸ್ಟ್ರಾರ್‌ನಿಂದ ರಿಜಿಸ್ಟ್ರಾರ್‌ಗೆ ಬದಲಾಗುವುದರಿಂದ ಅವರವರ ಪುಟದಲ್ಲೇ ಓದಿಕೊಳ್ಳಿ.

ತಾರೀಖು ನೋಡುವುದಕ್ಕೆ ದುಡ್ಡಿಲ್ಲ. .ಕಾಂ ಮುಂತಾದವಕ್ಕೆ, ಜಗತ್ತಿನ ಡೊಮೇನ್ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ಲುಕಪ್ ಪುಟ, .ಇನ್‌ಗೆ ರಿಜಿಸ್ಟ್ರಿ ಡಾಟ್ ಇನ್. ಹಿಂದೆ ಇದನ್ನು ಹೂಈಸ್ ಎನ್ನುತ್ತಿದ್ದರು. 2025ರ ಜನವರಿ 28ರ ನಂತರ .ಕಾಂ ವರ್ಗದ ಹೆಸರುಗಳಿಗೆ ಆರ್‌ಡಿಎಪಿ ಎಂಬ ಹೊಸ ಪದ್ಧತಿಯೇ ಮುಖ್ಯ. ಹೆಸರು ಹಾಕಿ ಹುಡುಕಿದರೆ ಮೂರು ಸಂಗತಿ ಕಾಣುತ್ತವೆ: ಯಾವ ರಿಜಿಸ್ಟ್ರಾರ್, ಯಾವ ತಾರೀಖು, ಯಾವ ಸ್ಟೇಟಸ್. ಮಾಲೀಕರ ಹೆಸರು, ಫೋನು ಈಗ ಹೆಚ್ಚಿನ ಕಡೆ ಮುಚ್ಚಿರುತ್ತದೆ.

ಇಲ್ಲಿ ಬಹಳ ಜನ ಎಡವುವುದು ಒಂದು ಕಡೆ. ಜೂನ್ 10 ದಾಟುತ್ತಲೇ ರಿಜಿಸ್ಟ್ರಿಯ (ಎಲ್ಲ .ಕಾಂ ಹೆಸರುಗಳ ಮೂಲ ದಾಖಲೆ ಇಟ್ಟಿರುವ ಸಂಸ್ಥೆ) ದಾಖಲೆಯಲ್ಲಿ ಅವಧಿ ಮುಗಿಯುವ ತಾರೀಖು ತಾನಾಗಿ ಮುಂದಿನ ವರ್ಷದ ಜೂನ್ 10 ಆಗಿಬಿಡುತ್ತದೆ. ‘ಅಯ್ಯೋ, ಅವರು ರಿನ್ಯೂ ಮಾಡಿಸಿಬಿಟ್ಟರು’ ಎಂದು ಕೈಬಿಡುತ್ತಾರೆ. ಅದು ರಿಜಿಸ್ಟ್ರಿ ತಾನೇ ಮಾಡಿಕೊಳ್ಳುವ ತಾತ್ಕಾಲಿಕ ನವೀಕರಣ. ಮಾಲೀಕರು ದುಡ್ಡು ಕಟ್ಟಿದ್ದಾರೆ ಎಂದೇನೂ ಅರ್ಥವಲ್ಲ. ಸ್ಟೇಟಸ್‌ನಲ್ಲಿ ‘ಆಟೋ ರಿನ್ಯೂ ಪೀರಿಯಡ್’ ಎಂದಿದ್ದರೆ ಹೆಸರು ಇನ್ನೂ ಗ್ರೇಸ್‌ನಲ್ಲೇ ಇದೆ. ಹಾಗೆಂದು ಈ ಪದವೊಂದನ್ನೇ ನಂಬಬೇಡಿ, ಸರಿಯಾಗಿ ರಿನ್ಯೂ ಆದ ಹೆಸರಿನಲ್ಲೂ 45 ದಿನ ಇದು ಉಳಿದುಕೊಳ್ಳುವುದುಂಟು. ಜೊತೆಗೆ ‘ಕ್ಲೈಂಟ್ ಹೋಲ್ಡ್’ (ರಿಜಿಸ್ಟ್ರಾರ್ ಹೆಸರನ್ನು ತಡೆಹಿಡಿದ ಗುರುತು) ಇದ್ದರೆ, ಅಥವಾ ನೇಮ್ ಸರ್ವರ್ (ಹೆಸರು ಯಾವ ಸೈಟಿಗೆ ಹೋಗಬೇಕೆಂದು ತಿಳಿಸುವ ಸರ್ವರ್) ಬದಲಾಗಿ ಸೈಟಿನ ಜಾಗದಲ್ಲಿ ಜಾಹೀರಾತಿನ ಪುಟ ಬರುತ್ತಿದ್ದರೆ ರಿನ್ಯೂ ಆಗಿಲ್ಲ ಎಂದು ಹೆಚ್ಚುಕಡಿಮೆ ಹೇಳಬಹುದು. ‘ರಿಡೆಂಪ್ಷನ್ ಪೀರಿಯಡ್’, ‘ಪೆಂಡಿಂಗ್ ಡಿಲೀಟ್’ ಎಂಬ ಸ್ಟೇಟಸ್‌ಗಳಲ್ಲಿ ಈ ಗೊಂದಲವಿಲ್ಲ.

ಹೆಸರು ನಿಮ್ಮದೇ ಆಗಿದ್ದರೆ

ಬೇರೆ ಯಾವ ದಾರಿಯನ್ನೂ ನೋಡಬೇಡಿ, ಇವತ್ತೇ ರಿನ್ಯೂ ಮಾಡಿಸಿ. ಗ್ರೇಸ್ ಅವಧಿಯಲ್ಲಿ ಸಾಮಾನ್ಯವಾಗಿ ಮಾಮೂಲಿ ರಿನ್ಯೂವಲ್ ದರವೇ ಇರುತ್ತದೆ, ಕೆಲವರು ತಡ ಶುಲ್ಕ ಸೇರಿಸುತ್ತಾರೆ. ರಿಡೆಂಪ್ಷನ್‌ಗೆ ಬಿದ್ದ ಮೇಲೆ ರಿನ್ಯೂವಲ್ ಜೊತೆ ರೀಸ್ಟೋರ್ ಶುಲ್ಕವೂ ಸೇರುತ್ತದೆ. .ಕಾಂ ರಿಜಿಸ್ಟ್ರಿ ರಿಜಿಸ್ಟ್ರಾರ್‌ಗೆ ಹಾಕುವುದು 40 ಡಾಲರ್. ನಿಮ್ಮ ಕೈಗೆ ಬರುವ ಬಿಲ್ ಹೆಚ್ಚಾಗಿ 80 ಡಾಲರ್‌ನಿಂದ ಮೇಲಕ್ಕೇ ಇರುತ್ತದೆ. ದುಬಾರಿ ಅನ್ನಿಸಿದರೂ ಕಟ್ಟಿಬಿಡಿ. ಇನ್ನೂ ಕಾದರೆ ಅದೇ ಹೆಸರಿಗೆ ಹರಾಜಿನಲ್ಲಿ ಬೇರೆಯವರ ಜೊತೆ ಪೈಪೋಟಿಗೆ ನಿಲ್ಲಬೇಕಾಗುತ್ತದೆ.

ನಮ್ಮ ಕಡೆ ಹೆಸರುಗಳು ಹೀಗೆ ಕೈತಪ್ಪುವುದಕ್ಕೆ ಮರೆವಿಗಿಂತ ಬೇರೆ ಎರಡು ಕಾರಣ ಹೆಚ್ಚು. ಮೊದಲನೆಯದು ಆಟೋ ರಿನ್ಯೂವಲ್ ಮೇಲಿನ ನಂಬಿಕೆ. 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಕಾರ್ಡಿನಿಂದ ತಾನಾಗಿ ಹಣ ಕಡಿತವಾಗಬೇಕಾದರೆ ಇ-ಮ್ಯಾಂಡೇಟ್, ಅಂದರೆ ಬ್ಯಾಂಕಿಗೆ ಮೊದಲೇ ಕೊಡುವ ಒಪ್ಪಿಗೆ, ನೋಂದಣಿಯಾಗಿರಬೇಕು. ಹೊರದೇಶದ ರಿಜಿಸ್ಟ್ರಾರ್‌ನಲ್ಲಿ ಕಾರ್ಡ್ ಉಳಿಸಿಟ್ಟು ‘ಆಟೋ ರಿನ್ಯೂ ಆನ್’ ಮಾಡಿದ್ದರೂ ಬ್ಯಾಂಕು ಆ ಪಾವತಿಯನ್ನು ತಿರಸ್ಕರಿಸಬಹುದು. ಎರಡನೆಯದು, ಹೆಸರು ಸೈಟ್ ಮಾಡಿಕೊಟ್ಟವರ ಖಾತೆಯಲ್ಲಿರುವುದು. ಅವಧಿ ಮುಗಿಯುವ ಸುಮಾರು ಒಂದು ತಿಂಗಳು ಮೊದಲು, ಒಂದು ವಾರ ಮೊದಲು, ಮುಗಿದ 5 ದಿನದೊಳಗೆ ಮತ್ತೊಮ್ಮೆ, ಹೀಗೆ ಮೂರು ಸಲವಾದರೂ ನೆನಪೋಲೆ ಕಳಿಸಲೇಬೇಕೆಂದು ಐಕ್ಯಾನ್ ನಿಯಮವಿದೆ. ಆದರೆ ಆ ಓಲೆ ಹೋಗುವುದು ನೋಂದಣಿಯಲ್ಲಿರುವ ಇಮೇಲ್‌ಗೆ. ಸೈಟ್ ಮಾಡಿಕೊಟ್ಟ ಹುಡುಗ ಈಗ ಬೆಂಗಳೂರಿನಲ್ಲಿ ಬೇರೆ ಕೆಲಸದಲ್ಲಿದ್ದರೆ ನಿಮಗೆ ಸುದ್ದಿ ತಿಳಿಯುವುದು ಗಿರಾಕಿ ಫೋನ್ ಮಾಡಿ ‘ನಿಮ್ಮ ಸೈಟ್ ಓಪನ್ ಆಗ್ತಾ ಇಲ್ಲವಲ್ಲ’ ಅಂದಾಗಲೇ. ನೋಂದಣಿ ಇಮೇಲ್ ಅದೇ ಡೊಮೇನಿನದ್ದಾಗಿದ್ದರೆ ಇನ್ನೂ ಕಷ್ಟ: ಹೆಸರು ನಿಂತಾಗ ಆ ಇಮೇಲೂ ನಿಲ್ಲುತ್ತದೆ, ರಿನ್ಯೂ ಮಾಡಲು ಬೇಕಾದ ಪಾಸ್‌ವರ್ಡ್ ರಿಸೆಟ್ ಕೂಡ ಬಾರದು.

ಹಳೆಯ ಹೆಸರು ಈಗ ಬೇಡ ಎಂದು ತೀರ್ಮಾನಿಸಿದವರೂ ಒಮ್ಮೆ ನಿಂತು ಯೋಚಿಸಬೇಕು. ಆ ಹೆಸರನ್ನು ನಾಳೆ ಯಾರು ಕೊಂಡರೂ ಅದರ ವಿಳಾಸಕ್ಕೆ ಬರುವ ಮೇಲ್ ಎಲ್ಲ ಅವರಿಗೆ ಹೋಗುತ್ತದೆ. ಹೋಂಸ್ಟೇ ಮೇಲ್‌ಗೆ ಅತಿಥಿಗಳು ಆಧಾರ್ ಪ್ರತಿ ಕಳಿಸುತ್ತಾರೆ. ಆ ಇಮೇಲ್ ಇಟ್ಟುಕೊಂಡು ತೆರೆದ ಫೇಸ್‌ಬುಕ್ ಪುಟ, ಬುಕಿಂಗ್ ಖಾತೆ, ಪಾವತಿ ಖಾತೆಗಳ ಪಾಸ್‌ವರ್ಡನ್ನು ಹೊಸ ಮಾಲೀಕ ರಿಸೆಟ್ ಮಾಡಿಕೊಳ್ಳಬಹುದು. ಆ ಖಾತೆಗಳನ್ನೆಲ್ಲ ಬೇರೆ ಇಮೇಲ್‌ಗೆ ಬದಲಾಯಿಸಿ, ಒಂದೆರಡು ವರ್ಷ ಸುಮ್ಮನೆ ರಿನ್ಯೂ ಮಾಡಿಸಿಟ್ಟು, ಮೇಲ್ ಬರುವುದು ನಿಂತ ಮೇಲೆ ಬಿಡಿ.

ರಿಜಿಸ್ಟ್ರಾರ್ ಹರಾಜು

ಬೇರೆಯವರ ಕೈತಪ್ಪಿದ ಹೆಸರು ಬೇಕಿದ್ದವರು ಒಂದು ಮಾತು ನೆನಪಿಡಬೇಕು. ಒಳ್ಳೆಯ ಹೆಸರುಗಳಲ್ಲಿ ಹೆಚ್ಚಿನವು ಉದುರುವ ಹಂತದವರೆಗೆ ಬರುವುದೇ ಇಲ್ಲ. ಗ್ರೇಸ್ ಅವಧಿಯಲ್ಲೇ ರಿಜಿಸ್ಟ್ರಾರ್ ಅವನ್ನು ಹರಾಜಿಗೆ ಇಡುತ್ತಾನೆ. ಕೊಳ್ಳುವಾಗ ಯಾರೂ ಓದದೆ ಟಿಕ್ ಮಾಡುವ ಒಪ್ಪಂದದಲ್ಲಿ ಆ ಹಕ್ಕನ್ನು ಬರೆದುಕೊಂಡಿರುತ್ತಾರೆ. ಗೋಡ್ಯಾಡಿಯಲ್ಲಿದ್ದ ಹೆಸರು ಗೋಡ್ಯಾಡಿ ಆಕ್ಷನ್ಸ್‌ಗೆ, ಡೈನಾಡಾಟ್‌ನಲ್ಲಿದ್ದದ್ದು ಅವರದೇ ಹರಾಜಿಗೆ, ನೇಮ್‌ಚೀಪ್‌ನದ್ದು ಅವರ ಮಾರುಕಟ್ಟೆಗೆ. ಯಾವ ಹರಾಜನ್ನು ಗಮನಿಸಬೇಕೆಂದು ಗೊತ್ತಾಗುವುದು ಆರ್‌ಡಿಎಪಿ ದಾಖಲೆಯ ರಿಜಿಸ್ಟ್ರಾರ್ ಸಾಲಿನಿಂದಲೇ. ಊರಿನ ವೆಬ್ ಡಿಸೈನರ್ ಹತ್ತಿರ ಕೊಂಡ ಹೆಸರಾದರೂ ಅವರು ರೀಸೆಲ್ಲರ್ ಅಷ್ಟೆ, ದಾಖಲೆಯಲ್ಲಿ ಮೇಲಿನ ಕಂಪನಿಯ ಹೆಸರು ಸಿಗುತ್ತದೆ.

ಹರಾಜಿನ ದೊಡ್ಡ ಲಾಭ: ಹೆಸರು ಡಿಲೀಟ್ ಆಗದೆ ಕೈ ಬದಲಾಗುವುದರಿಂದ ಮೊದಲ ನೋಂದಣಿಯ ತಾರೀಖು ಹಾಗೇ ಉಳಿಯುತ್ತದೆ. 2009ರ ಹೆಸರು 2009ರದ್ದೇ ಆಗಿರುತ್ತದೆ. ಉದುರಿದ ಮೇಲೆ ಹಿಡಿದರೆ ಅದು ಹೊಸ ನೋಂದಣಿ. ನಷ್ಟವೂ ಇದೆ. ಹರಾಜು ಗೆದ್ದು ಹಣ ಕಟ್ಟಿದ ಮೇಲೂ, ಹೆಸರು ನಿಮ್ಮ ಖಾತೆಗೆ ಬರುವ ತನಕ ಹಳೆಯ ಮಾಲೀಕರಿಗೆ ರಿನ್ಯೂ ಮಾಡುವ ಅವಕಾಶ ಇರುತ್ತದೆ. ಅವರು ಮಾಡಿಸಿದರೆ ನಿಮ್ಮ ಹಣ ವಾಪಸ್, ಹೆಸರು ಇಲ್ಲ. ಹೆಸರು ಖಾತೆಯಲ್ಲಿ ಕಾಣುವವರೆಗೆ ಗೇಟಿನ ಬೋರ್ಡು, ಕಾಫಿಪುಡಿ ಪ್ಯಾಕೆಟ್ಟಿನ ಪ್ರಿಂಟು ಯಾವುದಕ್ಕೂ ಆರ್ಡರ್ ಕೊಡಬೇಡಿ.

ಹರಾಜಿನಲ್ಲಿ ಕೂಗುವ ರೀತಿ ಎಪಿಎಂಸಿ ಅಂಗಳದ ಹರಾಜಿನಂತಲ್ಲ. ನಿಮ್ಮ ಗರಿಷ್ಠ ಮೊತ್ತವನ್ನು ಗುಟ್ಟಾಗಿ ಬರೆದಿಟ್ಟರೆ ವ್ಯವಸ್ಥೆಯೇ ನಿಮ್ಮ ಪರವಾಗಿ ಹಂತಹಂತವಾಗಿ ಏರಿಸುತ್ತದೆ. ಕೊನೆಯ ಕೆಲವು ನಿಮಿಷಗಳಲ್ಲಿ ಯಾರಾದರೂ ಬಿಡ್ ಮಾಡಿದರೆ ಗಡುವು ಇನ್ನಷ್ಟು ನಿಮಿಷ ಮುಂದೆ ಹೋಗುತ್ತದೆ, ಗೋಡ್ಯಾಡಿಯಲ್ಲಿ ಐದು ನಿಮಿಷ. ಹಾಗಾಗಿ ಕಡೇ ಕ್ಷಣದಲ್ಲಿ ನುಗ್ಗುವ ತಂತ್ರ ಕೆಲಸಕ್ಕೆ ಬಾರದು. ನಾಲ್ಕು ದಿನ ಮೊದಲೇ ಬಿಡ್ ಮಾಡಿ ಬೇರೆಯವರ ಗಮನ ಸೆಳೆಯುವುದೂ ಬೇಡ. ಕಡೆಯ ದಿನ ಬಂದು, ಮನಸ್ಸಿನಲ್ಲಿದ್ದ ಗರಿಷ್ಠ ಮೊತ್ತವನ್ನು ಒಂದೇ ಸಲ ಹಾಕಿ ಎದ್ದು ಬನ್ನಿ. ಗೆದ್ದ ಮೊತ್ತದ ಮೇಲೆ ಒಂದು ವರ್ಷದ ರಿನ್ಯೂವಲ್, ಐಕ್ಯಾನ್ ಶುಲ್ಕ, ಅನ್ವಯವಾಗುವ ಕಡೆ 18% ಜಿಎಸ್‌ಟಿ, ಡಾಲರ್ ಪಾವತಿಗೆ ಬ್ಯಾಂಕಿನ ವಿನಿಮಯ ಶುಲ್ಕ ಎಲ್ಲ ಸೇರುತ್ತವೆ. ಕಾರ್ಡಿನಲ್ಲಿ ಅಂತರರಾಷ್ಟ್ರೀಯ ವಹಿವಾಟು ಆನ್ ಆಗಿದೆಯೇ ಎಂದು ಬಿಡ್ ಮಾಡುವ ಮುಂಚೆಯೇ ನೋಡಿ. ಗೆದ್ದು ಹಣ ಕಟ್ಟದಿದ್ದರೆ ಖಾತೆಯನ್ನು ತಡೆಹಿಡಿಯುತ್ತಾರೆ.

ಗರಿಷ್ಠ ಎಷ್ಟು? ಹೋಂಸ್ಟೇಯವರಿಗೆ ಒಂದು ಸರಳ ಲೆಕ್ಕ ಹೇಳಬಹುದು. ಆ ಹೆಸರಿನಿಂದ ವರ್ಷಕ್ಕೆ ಎಷ್ಟು ನೇರ ಬುಕಿಂಗ್ ಬರಬಹುದು, ಅಷ್ಟೂ ಆ್ಯಪ್ ಮೂಲಕ ಬಂದಿದ್ದರೆ ಎಷ್ಟು ಕಮಿಷನ್ ಕೊಡಬೇಕಿತ್ತು ಎಂದು ನೋಡಿ. ಒಂದು ವರ್ಷದ ಆ ಕಮಿಷನ್‌ಗಿಂತ ಮೇಲೆ ಹೋಗಬೇಡಿ.

ಯಾರೂ ಕೂಗದೆ ಉಳಿದ ಹೆಸರುಗಳನ್ನು ಗೋಡ್ಯಾಡಿ ‘ಕ್ಲೋಸ್‌ಔಟ್’ ಎಂದು ಕೆಲವು ದಿನ ಇಡುತ್ತದೆ, ದರ ದಿನದಿಂದ ದಿನಕ್ಕೆ ಇಳಿಯುತ್ತದೆ. ತಾಲ್ಲೂಕು, ಹೋಬಳಿ, ಸಣ್ಣ ತೋಟಗಳ ಹೆಸರಿರುವ ಡೊಮೇನ್‌ಗಳಿಗೆ ಇದೇ ಒಳ್ಳೆಯ ಜಾಗ ಎಂಬುದು ನಮ್ಮ ಅಭಿಪ್ರಾಯ. ಹೊರದೇಶದ ವ್ಯಾಪಾರಿಗೆ ಆಲ್ದೂರು, ಬಾಳೆಹೊನ್ನೂರು, ಹೆತ್ತೂರು ಎಂಬ ಪದಗಳಿಗೆ ಅರ್ಥವಿಲ್ಲ, ನಿಮಗಿದೆ. ಇನ್ನೂ ಇಳಿಯಲಿ ಎಂದು ಕಾಯುವುದಾದರೆ ಬೇರೆಯವರೂ ಹಾಗೇ ಕಾಯುತ್ತಿರಬಹುದು ಎಂಬುದು ನೆನಪಿರಲಿ.

‘ಹಾಸನ’ದ ವಿಷಯದಲ್ಲಿ ಮಾತ್ರ ಲೆಕ್ಕ ಉಲ್ಟಾ. ಇಂಗ್ಲಿಷ್ ಅಕ್ಷರದಲ್ಲಿ ನಮ್ಮ ಜಿಲ್ಲೆಯ ಹೆಸರೂ ಅರಬ್ ದೇಶಗಳಿಂದ ಹಿಡಿದು ಜಗತ್ತಿನಾದ್ಯಂತ ಇರುವ ಹಸನ್ ಎಂಬ ವ್ಯಕ್ತಿನಾಮವೂ ಒಂದೇ ಕಾಗುಣಿತದಲ್ಲಿ ಬರುತ್ತದೆ. ಆ ಪದವಿರುವ ಚಿಕ್ಕ .ಕಾಂ ಹೆಸರು ಹರಾಜಿಗೆ ಬಂದರೆ ಎದುರು ಕೂಗುವವರು ಕಾಟೀಹಳ್ಳಿಯವರಲ್ಲ, ಲಂಡನ್, ಕೈರೋ, ಕರಾಚಿಯವರು. ಅಲ್ಲಿ ಪೈಪೋಟಿಗೆ ಬೀಳದೆ .ಇನ್ ತೆಗೆದುಕೊಳ್ಳಿ.

ಚಿಕ್ಕಮಗಳೂರಿನದು ಬೇರೆ ಕಥೆ. 2014ರ ನವೆಂಬರ್ 1ರಂದು ಇಂಗ್ಲಿಷ್ ಕಾಗುಣಿತ ಅಧಿಕೃತವಾಗಿ ಬದಲಾಯಿತು. ಒಂದೇ ‘ಕೆ’ ಇದ್ದು ಕಡೆಯಲ್ಲಿ ‘ಯು’ ಇಲ್ಲದ್ದು ಹಳೆಯದು, ಎರಡು ‘ಕೆ’ ಮತ್ತು ಕಡೆಯಲ್ಲಿ ‘ಯು’ ಇರುವುದು ಹೊಸದು. ‘ಸಿ’, ‘ಕೆ’ ಒಟ್ಟಿಗೆ ಬರೆಯುವ ಮೂರನೆಯ ರೂಪವೂ ಬಳಕೆಯಲ್ಲಿದೆ. ಪ್ರವಾಸಿಗರು ಈಗಲೂ ಹಳೆಯ ರೂಪವನ್ನೇ ಬಹಳ ಟೈಪ್ ಮಾಡುತ್ತಾರೆ. 2014ಕ್ಕೆ ಮೊದಲು ನೋಂದಣಿಯಾದ ಒಳ್ಳೆಯ ಹೆಸರುಗಳೂ ಆ ಕಾಗುಣಿತದಲ್ಲೇ ಇವೆ. ಹಾಗಾಗಿ ಅವಧಿ ಮುಗಿದ ಹೆಸರು ಹುಡುಕುವಾಗ ಮೂರೂ ರೂಪಗಳಲ್ಲಿ ಹುಡುಕಿ. ಸಕಲೇಶಪುರ, ಬೇಲೂರು, ಹಳೇಬೀಡು ಎಲ್ಲಕ್ಕೂ ಇದೇ ಮಾತು. ಎಕ್ಸ್‌ಪೈರ್ಡ್ ಡೊಮೇನ್ಸ್ ಡಾಟ್ ನೆಟ್ ಎಂಬ ಸೈಟಿನಲ್ಲಿ ಖಾತೆ ತೆರೆದು ಪದ ಹಾಕಿದರೆ ಹರಾಜಿನಲ್ಲಿರುವವು, ಉದುರಲಿರುವವು, ಉದುರಿದವು ಬೇರೆಬೇರೆಯಾಗಿ ಸಿಗುತ್ತವೆ.

ಬ್ಯಾಕ್‌ಆರ್ಡರ್ ಮತ್ತು ಕೈಯಾರೆ ಹಿಡಿಯುವುದು

ಹರಾಜು ದಾಟಿ, ರಿಡೆಂಪ್ಷನ್ನೂ ಮುಗಿದು ಪೆಂಡಿಂಗ್ ಡಿಲೀಟ್‌ಗೆ ಬಂದ ಹೆಸರಿಗೆ ಎರಡು ದಾರಿ.

.ಕಾಂ ಹೆಸರುಗಳು ಉದುರುವ ಹೊತ್ತು ಅಮೆರಿಕದ ಪೂರ್ವ ಕರಾವಳಿಯ ಮಧ್ಯಾಹ್ನ 2 ಗಂಟೆಯಿಂದ. ನಮಗೆ ಅದು ಅಲ್ಲಿನ ಬೇಸಿಗೆ ಸಮಯದಲ್ಲಿ ರಾತ್ರಿ 11:30, ಚಳಿಗಾಲದಲ್ಲಿ 12:30. ಸುಮಾರು ಒಂದು ಗಂಟೆಯೊಳಗೆ ಆ ದಿನದ ಹೆಸರುಗಳೆಲ್ಲ ಒಂದರ ಹಿಂದೆ ಒಂದು ಬಿಡುಗಡೆಯಾಗುತ್ತವೆ, ನಿಮ್ಮದು ಯಾವ ಕ್ಷಣಕ್ಕೆ ಎಂದು ಮೊದಲೇ ತಿಳಿಯುವುದಿಲ್ಲ. ಡ್ರಾಪ್‌ಕ್ಯಾಚ್, ಸ್ನ್ಯಾಪ್‌ನೇಮ್ಸ್‌ನಂಥ ಸೇವೆಗಳು ಈ ಒಂದು ಗಂಟೆಗೆಂದೇ ಸಜ್ಜಾಗಿರುತ್ತವೆ. ಪ್ರತಿ ಮಾನ್ಯತೆ ಪಡೆದ ರಿಜಿಸ್ಟ್ರಾರ್‌ಗೂ ರಿಜಿಸ್ಟ್ರಿಯೊಂದಿಗೆ ಇಷ್ಟೇ ಸಂಪರ್ಕ ಎಂಬ ಮಿತಿ ಇರುವುದರಿಂದ, ಸಂಪರ್ಕ ಹೆಚ್ಚಿಸಿಕೊಳ್ಳಲೆಂದೇ ದೊಡ್ಡ ಕಂಪನಿಗಳು ನೂರಾರು ರಿಜಿಸ್ಟ್ರಾರ್ ಮಾನ್ಯತೆಗಳನ್ನು ಇಟ್ಟುಕೊಂಡಿವೆ. ಬಿಡುಗಡೆಯಾದ ಹೆಸರು ಸೆಕೆಂಡಿನ ಸಣ್ಣ ಪಾಲಿನಲ್ಲಿ ಹೋಗಿರುತ್ತದೆ. ಜೋರು ಮಳೆಯ ರಾತ್ರಿ ಕರೆಂಟ್ ಹೋಗಿ, ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಪೇಜ್ ರಿಫ್ರೆಶ್ ಮಾಡುತ್ತ ಕೂತವರಿಗೆ ಪೈಪೋಟಿ ಇರುವ ಹೆಸರು ಸಿಗುವುದಿಲ್ಲ.

ಆದ್ದರಿಂದ ಯಾರಿಗಾದರೂ ಬೇಕಾಗಬಹುದಾದ ಹೆಸರಿಗೆ ಬ್ಯಾಕ್‌ಆರ್ಡರ್ ಇಡಿ. ಡ್ರಾಪ್‌ಕ್ಯಾಚ್‌ನಲ್ಲಿ ಸುಮಾರು 60 ಡಾಲರ್ ಮೂಲ ದರ, ಅಂದರೆ ವಿನಿಮಯ ಶುಲ್ಕವೂ ಸೇರಿ 5,000 ರೂಪಾಯಿ ದಾಟುತ್ತದೆ. ಒಬ್ಬರೇ ಆರ್ಡರ್ ಇಟ್ಟಿದ್ದರೆ ಮೂಲ ದರಕ್ಕೆ ಹೆಸರು ಬರುತ್ತದೆ. ಇಬ್ಬರಾದರೆ ಮತ್ತೆ ಹರಾಜು. ಸೇವೆಗಳ ನಡುವಿನ ವ್ಯತ್ಯಾಸ ಇಲ್ಲಿ ಮುಖ್ಯ: ಡ್ರಾಪ್‌ಕ್ಯಾಚ್‌ನ ಹರಾಜಿಗೆ ಯಾರು ಬೇಕಾದರೂ ಬರಬಹುದು, ಸ್ನ್ಯಾಪ್‌ನೇಮ್ಸ್‌ನಂಥ ಕಡೆ ಆರ್ಡರ್ ಇಟ್ಟವರ ನಡುವೆ ಮಾತ್ರ. ಹೆಸರು ಸಿಗದಿದ್ದರೆ ಹಣ ಕಡಿತವಿಲ್ಲ ಎನ್ನುವ ಸೇವೆಗಳನ್ನೇ ಆರಿಸಿ, ಆಗ ಎರಡು ಮೂರು ಕಡೆ ಆರ್ಡರ್ ಇಟ್ಟರೂ ಚಿಂತೆಯಿಲ್ಲ. ಮುಂಗಡ ಹಣ ಇಟ್ಟುಕೊಳ್ಳುವವರ ಹತ್ತಿರ ಅದು ವಾಪಸ್ ಬರುತ್ತದೋ ಅಥವಾ ಇನ್ನೊಂದು ಹೆಸರಿಗೆ ಬಳಸಬೇಕೋ ಎಂದು ಓದಿಕೊಳ್ಳಿ. ಇನ್ನೊಂದು ತಪ್ಪನ್ನು ಬಹಳ ಜನ ಮಾಡುತ್ತಾರೆ: ಅವಧಿ ಮುಗಿಯುವ ಮೊದಲೇ ಬ್ಯಾಕ್‌ಆರ್ಡರ್ ಕೊಂಡು ನಿಶ್ಚಿಂತರಾಗುತ್ತಾರೆ. ಹೆಸರು ಗ್ರೇಸ್‌ನಲ್ಲೇ ರಿಜಿಸ್ಟ್ರಾರ್ ಹರಾಜಿಗೆ ಹೋಗಿ ಮಾರಾಟವಾದರೆ ಆ ಬ್ಯಾಕ್‌ಆರ್ಡರ್‌ಗೆ ಹಿಡಿಯಲು ಏನೂ ಉಳಿದಿರುವುದಿಲ್ಲ.

ನಿಮ್ಮ ತೋಟದ ಹೆಸರಿನಂತೆ ಬೇರೆ ಯಾರಿಗೂ ಬೇಡವಾದ ಹೆಸರಾದರೆ ಬ್ಯಾಕ್‌ಆರ್ಡರಿನ ಖರ್ಚು ಬೇಕಿಲ್ಲ. ಉದುರಿದ ಮರುದಿನ ಬೆಳಿಗ್ಗೆ ಕಾಫಿ ಕುಡಿದು ಮಾಮೂಲಿ ದರಕ್ಕೆ ನೋಂದಾಯಿಸಿ. ಪೈಪೋಟಿ ಇದೆಯೇ ಎಂದು ಅಳೆಯಲು ಒಂದು ಉಪಾಯ: ಹೆಸರು ಹರಾಜು, ಕ್ಲೋಸ್‌ಔಟ್ ಎಲ್ಲ ದಾಟಿ ಒಂದೂ ಬಿಡ್ ಇಲ್ಲದೆ ಬಂದಿದ್ದರೆ ಬೇರೆಯವರಿಗೆ ಅದರ ಮೇಲೆ ಕಣ್ಣಿಲ್ಲ ಎಂದೇ ಹೆಚ್ಚುಪಾಲು ಲೆಕ್ಕ.

ಮಾಲೀಕರಿಂದ ನೇರವಾಗಿ ಕೊಳ್ಳುವುದು

ಗ್ರೇಸ್ ಅವಧಿಯ ಮೊದಲ ವಾರಗಳಲ್ಲಿ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಅದರಲ್ಲೂ ಮಾಲೀಕರು ನಮ್ಮ ಜಿಲ್ಲೆಯವರೇ ಆದಾಗ ಆರ್‌ಡಿಎಪಿಯಲ್ಲಿ ಹೆಸರು ಮುಚ್ಚಿದ್ದರೂ ಹಳೆಯ ಸೈಟಿನ ಪ್ರತಿಯಲ್ಲಿ, ಗೂಗಲ್ ಮ್ಯಾಪ್‌ನಲ್ಲಿ, ಕೊನೆಗೆ ಊರಿನಲ್ಲಿ ವಿಚಾರಿಸಿದರೆ ಸಿಗುತ್ತಾರೆ. ಅವರು ರಿನ್ಯೂ ಮಾಡಿಸಿ, ಲಾಕ್ ತೆಗೆದು, ಆಥ್ ಕೋಡ್ (ವರ್ಗಾವಣೆಗೆ ಬೇಕಾದ ಗುಪ್ತ ಸಂಕೇತ) ಕೊಟ್ಟರೆ ನಿಮ್ಮ ರಿಜಿಸ್ಟ್ರಾರ್‌ಗೆ ವರ್ಗಾಯಿಸಿಕೊಳ್ಳಬಹುದು. ಅದಕ್ಕಿಂತ ಬೇಗ ಆಗುವುದು, ನೀವೂ ಅದೇ ರಿಜಿಸ್ಟ್ರಾರ್‌ನಲ್ಲಿ ಖಾತೆ ತೆರೆದು ಖಾತೆಯಿಂದ ಖಾತೆಗೆ ಪುಶ್ ಮಾಡಿಸಿಕೊಳ್ಳುವುದು. ಮೊತ್ತ ದೊಡ್ಡದಾದರೆ, ಪರಿಚಯವಿಲ್ಲದವರಾದರೆ ಎಸ್ಕ್ರೋ ಸೇವೆ ಬಳಸಿ. ಹಣ ಮೂರನೆಯವರ ಬಳಿ ಇರುತ್ತದೆ, ಹೆಸರು ನಿಮ್ಮ ಕೈಗೆ ಬಂದ ಮೇಲೆ ಮಾರಿದವರಿಗೆ ಹೋಗುತ್ತದೆ. ಸಿಕ್ಕಷ್ಟು ಬೇಗ ಮುಂಗಡ ಯುಪಿಐ ಮಾಡಿಬಿಡುವುದು ಬೇಡ.

ಹೆಸರಿನ ಹಿಂದಿನ ಜನ್ಮ

ದರಕ್ಕಿಂತ ಇದರ ಮೇಲೆ ಹೆಚ್ಚು ಹೊತ್ತು ಕಳೆಯಿರಿ. ಅವಧಿ ಮುಗಿದ ಹೆಸರು ಹಳೆಯ ಮನೆ ಕೊಂಡ ಹಾಗೆ, ಹಿಂದಿನವರ ಸಾಲದ ನೋಟೀಸೂ ಅದೇ ವಿಳಾಸಕ್ಕೆ ಬರುತ್ತದೆ.

ಮೊದಲು ಹಳೆಯ ವೆಬ್‌ಪುಟಗಳ ಪ್ರತಿ ಇಟ್ಟಿರುವ ವೇಬ್ಯಾಕ್ ಮಷೀನ್ ತೆರೆದು ವರ್ಷವರ್ಷವೂ ಒಂದೊಂದು ಪ್ರತಿ ನೋಡಿ. ಮೊದಲ ಮತ್ತು ಕಡೆಯ ಪ್ರತಿ ನೋಡಿದರೆ ಸಾಲದು. ನಾಲ್ಕು ವರ್ಷ ಎಸ್ಟೇಟಿನ ಫೋಟೊಗಳಿದ್ದು, ನಡುವೆ ಎರಡು ವರ್ಷ ಆನ್‌ಲೈನ್ ಜೂಜಿನ ಪುಟ, ಆಮೇಲೆ ಖಾಲಿ. ಇಂಥ ಇತಿಹಾಸ ಅಪರೂಪವಲ್ಲ. ಯಾರೋ ಒಮ್ಮೆ ಉದುರಿದಾಗ ಹಿಡಿದು, ಹಳೆಯ ಲಿಂಕುಗಳ ಬಲವನ್ನು ಹಿಂಡಿಕೊಂಡು ಬಿಟ್ಟಿರುತ್ತಾರೆ. ಗೂಗಲ್‌ನಲ್ಲಿ ಇಂಗ್ಲಿಷಿನಲ್ಲಿ ‘site:’ ಎಂದು ಬರೆದು ಅದರ ಬೆನ್ನಿಗೇ ಡೊಮೇನ್ ಬರೆದು ಹುಡುಕಿ. ಹಿಂದೆ ಸೈಟ್ ಚೆನ್ನಾಗಿ ನಡೆಯುತ್ತಿದ್ದರೂ ಒಂದು ಪುಟವೂ ಬಾರದಿದ್ದರೆ ಅನುಮಾನಿಸಿ. ಗೂಗಲ್ ಸೇಫ್ ಬ್ರೌಸಿಂಗ್ ಪುಟದಲ್ಲಿ, ಸ್ಪ್ಯಾಮ್‌ಹೌಸ್ ಪಟ್ಟಿಯಲ್ಲಿ ಹೆಸರಿದೆಯೇ ನೋಡಿ. ಸ್ಪ್ಯಾಮ್ ಪಟ್ಟಿಯಲ್ಲಿದ್ದರೆ ನೀವು ಕಳಿಸುವ ಬುಕಿಂಗ್ ದೃಢೀಕರಣದ ಮೇಲ್ ಅತಿಥಿಯ ಸ್ಪ್ಯಾಮ್ ಫೋಲ್ಡರಿಗೆ ಬೀಳುತ್ತದೆ, ಏಕೆಂದು ನಿಮಗೆ ತಿಂಗಳುಗಟ್ಟಲೆ ಗೊತ್ತಾಗುವುದಿಲ್ಲ. ಹೆಸರನ್ನು ಫೇಸ್‌ಬುಕ್ ಪೋಸ್ಟಿನಲ್ಲೂ ಒಮ್ಮೆ ಹಾಕಿ ನೋಡಿ. ಅಲ್ಲಿ ಲಿಂಕ್ ತಡೆಹಿಡಿದಿದ್ದರೆ ಪ್ರವಾಸೋದ್ಯಮದವರಿಗೆ ಆ ಹೆಸರು ಬೇಡ.

ಹಳೆಯ ಲಿಂಕುಗಳಿಂದ ಗೂಗಲ್‌ನಲ್ಲಿ ತಾನಾಗಿ ಮೇಲೆ ಬರುತ್ತದೆ ಎಂದು ಯಾರಾದರೂ ಹೇಳಿ ಮಾರಲು ಬಂದರೆ ನಂಬಬೇಡಿ. 2024ರ ಮಾರ್ಚ್‌ನಲ್ಲಿ ಗೂಗಲ್ ತನ್ನ ಸ್ಪ್ಯಾಮ್ ನೀತಿಯಲ್ಲಿ ಅವಧಿ ಮುಗಿದ ಡೊಮೇನ್‌ಗಳ ದುರ್ಬಳಕೆಯನ್ನು ಹೆಸರಿಟ್ಟೇ ಸೇರಿಸಿದೆ. ಹಳೆಯ ಶಾಲೆಯ ಡೊಮೇನ್ ಕೊಂಡು ಅದರ ಮೇಲೆ ಸಂಬಂಧವಿಲ್ಲದ ಮಾರಾಟದ ಪುಟ ಕಟ್ಟುವಂಥದ್ದು ಈ ನೀತಿಯಡಿ ಬರುತ್ತದೆ. ಹಿಂದೆ ಹೋಂಸ್ಟೇ ಇದ್ದ ಹೆಸರಿನಲ್ಲಿ ನೀವೂ ಪ್ರಾಮಾಣಿಕವಾಗಿ ಹೋಂಸ್ಟೇ ನಡೆಸಿದರೆ ತೊಂದರೆಯಿಲ್ಲ.

ಇನ್ನೊಂದು, ಹೆಚ್ಚು ಜನ ನೋಡದ ವಿಷಯ ಸರ್ಟಿಫಿಕೇಟ್. ಹಿಂದಿನ ಮಾಲೀಕರು ಪಡೆದ ಎಚ್‌ಟಿಟಿಪಿಎಸ್ ಸರ್ಟಿಫಿಕೇಟ್ (ಸೈಟ್ ಅಸಲಿ ಎಂದು ಬ್ರೌಸರ್‌ಗೆ ತೋರಿಸುವ ದಾಖಲೆ), ಹೆಸರು ಕೈ ಬದಲಾದ ಮೇಲೂ ಅದರ ಅವಧಿ ಮುಗಿಯುವವರೆಗೆ ಮಾನ್ಯವಾಗಿಯೇ ಇರುತ್ತದೆ. ಸಿಆರ್‌ಟಿ ಡಾಟ್ ಎಸ್‌ಎಚ್ ಎಂಬ ಸೈಟಿನಲ್ಲಿ ಡೊಮೇನ್ ಹಾಕಿದರೆ ಪಟ್ಟಿ ಸಿಗುತ್ತದೆ. ಇನ್ನೂ ಚಾಲ್ತಿಯಲ್ಲಿರುವುದು ಕಂಡರೆ, ಹೆಸರು ಕೈಗೆ ಬಂದ ಮೇಲೆ ಅದನ್ನು ಕೊಟ್ಟ ಸಂಸ್ಥೆಗೆ ಬರೆದು ರದ್ದು ಮಾಡಿಸಿ.

ಮುಟ್ಟಬಾರದ ಹೆಸರುಗಳು

ಪಕ್ಕದ ಎಸ್ಟೇಟಿನವರು ರಿನ್ಯೂ ಮರೆತಿದ್ದಾರೆ, ಹಿಡಿದಿಟ್ಟುಕೊಂಡು ಆಮೇಲೆ ಅವರಿಗೇ ಮಾರೋಣ ಎಂಬ ಯೋಚನೆ ಬಂದರೆ ಅಲ್ಲೇ ಬಿಟ್ಟುಬಿಡಿ. ಡೊಮೇನ್ ಹೆಸರಿಗೂ ಟ್ರೇಡ್‌ಮಾರ್ಕ್‌ನಂಥ ರಕ್ಷಣೆ ಇದೆ ಎಂದು ಸುಪ್ರೀಂ ಕೋರ್ಟ್ 2004ರಲ್ಲೇ ಸತ್ಯಂ ಇನ್ಫೋವೇ ಪ್ರಕರಣದಲ್ಲಿ ಹೇಳಿದೆ. .ಕಾಂಗೆ ಯುಡಿಆರ್‌ಪಿ, .ಇನ್‌ಗೆ ಐಎನ್‌ಡಿಆರ್‌ಪಿ ಎಂಬ ವ್ಯಾಜ್ಯ ವ್ಯವಸ್ಥೆಗಳಿವೆ. ಯುಡಿಆರ್‌ಪಿಯಲ್ಲಿ ದುರುದ್ದೇಶದಿಂದ ನೋಂದಾಯಿಸಿದ್ದನ್ನೂ ಹಾಗೇ ಬಳಸುತ್ತಿರುವುದನ್ನೂ ಎರಡನ್ನೂ ತೋರಿಸಬೇಕು, ಐಎನ್‌ಡಿಆರ್‌ಪಿಯಲ್ಲಿ ಒಂದು ಸಾಕು. ನಿಮ್ಮ ಹೆಸರನ್ನೇ ಯಾರಾದರೂ ಹೀಗೆ ಹಿಡಿದಿಟ್ಟುಕೊಂಡಿದ್ದರೆ ಇದೇ ದಾರಿ ನಿಮಗೂ ಇದೆ. ವೈಪೋದಲ್ಲಿ (ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ) ಒಬ್ಬ ಪಂಚರ ಮುಂದಿನ ಯುಡಿಆರ್‌ಪಿ ದೂರಿಗೆ ಶುಲ್ಕವೇ 1,500 ಡಾಲರ್ ಆಗುವುದರಿಂದ, ಸಣ್ಣ ವ್ಯಾಪಾರಕ್ಕೆ ಅದು ಕಡೆಯ ಉಪಾಯ. ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಬಂದಿದೆ. ಆ ಪದಗಳಿರುವ ಡೊಮೇನ್ ಸಿಕ್ಕಿತು ಎಂದ ಮಾತ್ರಕ್ಕೆ ಪ್ಯಾಕೆಟ್ ಮೇಲೆ ಜಿಐ ಹೆಸರು ಹಾಕುವ ಹಕ್ಕು ಬರುವುದಿಲ್ಲ.

ಹಾಗಾದರೆ ಯಾವುದು?

ಸಣ್ಣ ವ್ಯಾಪಾರದ ಹೆಚ್ಚಿನವರಿಗೆ ನಮ್ಮ ಸಲಹೆ: ಬೇಕಾದ .ಕಾಂ ಹೆಸರಿನ .ಇನ್ ಖಾಲಿ ಇದ್ದರೆ, ಆ .ಕಾಂ ಇದೇ ಕಸುಬಿನ ಬೇರೆಯವರ ಗುರುತಲ್ಲದಿದ್ದರೆ, .ಇನ್ ಅನ್ನು ಇವತ್ತೇ ನೋಂದಾಯಿಸಿ. .ಕಾಂ ಕ್ಲೋಸ್‌ಔಟಿಗೆ ಬಂದರೆ ಕೊಳ್ಳಿ, ಬಾರದಿದ್ದರೆ ಬಿಡಿ. ಸ್ವಂತ ಬ್ರ್ಯಾಂಡಿನಲ್ಲಿ ಹೊರರಾಜ್ಯ, ಹೊರದೇಶಕ್ಕೆ ಕಾಫಿ ಮಾರುವವರಿಗೆ ಮಾತ್ರ ಹರಾಜಿನ ಹಣ ಕಟ್ಟುವುದು ನ್ಯಾಯ. ಹೆಸರನ್ನು ಕನ್ನಡದಲ್ಲೇ ಬರೆದು .ಭಾರತ ಎಂದೂ ನೋಂದಾಯಿಸಬಹುದು. ಅದನ್ನು ಮುಖ್ಯ ಸೈಟಿಗೆ ತಿರುಗಿಸಿಡಿ, ಇಮೇಲ್‌ಗೆ ಮಾತ್ರ ನೆಚ್ಚಿಕೊಳ್ಳಬೇಡಿ. ಎಷ್ಟೋ ಬುಕಿಂಗ್ ಫಾರಂಗಳು ಕನ್ನಡ ಅಕ್ಷರದ ವಿಳಾಸವನ್ನು ಇನ್ನೂ ತಪ್ಪು ಎಂದೇ ತೋರಿಸುತ್ತವೆ.

ಕೈಗೆ ಬಂದ ದಿನ

ಹೊಸದಾಗಿ ನೋಂದಣಿಯಾದ .ಕಾಂ ಹೆಸರನ್ನು ಸಾಮಾನ್ಯವಾಗಿ 60 ದಿನ ಬೇರೆ ರಿಜಿಸ್ಟ್ರಾರ್‌ಗೆ ವರ್ಗಾಯಿಸಲು ಬರುವುದಿಲ್ಲ. ಹಾಗಾಗಿ ಸಿಕ್ಕಲ್ಲೇ ಭದ್ರ ಮಾಡಿ: ಎರಡು ಹಂತದ ಲಾಗಿನ್ ಹಾಕಿ, ಟ್ರಾನ್ಸ್‌ಫರ್ ಲಾಕ್ ಆನ್ ಮಾಡಿ, ನೋಂದಣಿ ಇಮೇಲನ್ನು ಇದೇ ಡೊಮೇನಿನದ್ದಲ್ಲದ ನಿಮ್ಮ ಸ್ವಂತದ್ದಕ್ಕೆ ಬದಲಾಯಿಸಿ. ಗೂಗಲ್ ಸರ್ಚ್ ಕನ್ಸೋಲ್‌ಗೆ ಸೇರಿಸಿ ‘ಮ್ಯಾನುಯಲ್ ಆ್ಯಕ್ಷನ್ಸ್’ ಪುಟ ತೆರೆಯಿರಿ. ಹಿಂದಿನವರ ತಪ್ಪಿಗೆ ದಂಡ ಬಿದ್ದಿದ್ದರೆ ಅಲ್ಲಿ ಬರೆದಿರುತ್ತದೆ, ಮಾಲೀಕತ್ವ ಬದಲಾಗಿದೆ ಎಂದು ವಿವರಿಸಿ ಮರುಪರಿಶೀಲನೆ ಕೇಳಬಹುದು.

ಮೇಲ್ ಸೆಟ್ ಮಾಡುವಾಗ ಕ್ಯಾಚ್-ಆಲ್, ಅಂದರೆ ಆ ಹೆಸರಿನ ಯಾವ ವಿಳಾಸಕ್ಕೆ ಬಂದ ಮೇಲನ್ನೂ ಹಿಡಿದಿಡುವ ಏರ್ಪಾಡು, ಹಾಕಬೇಡಿ. ಹಾಕಿದರೆ ಹಿಂದಿನ ಮಾಲೀಕರಿಗೆ ಬರುವ ಬ್ಯಾಂಕ್ ಮೇಲ್, ಅತಿಥಿಗಳ ದಾಖಲೆ ಎಲ್ಲ ನಿಮ್ಮ ಡಬ್ಬಿಗೆ ಬೀಳುತ್ತವೆ, ಅವು ನಿಮ್ಮವಲ್ಲ. ನಿಮಗೆ ಬೇಕಾದ ಒಂದೆರಡು ವಿಳಾಸ ಮಾತ್ರ ತೆರೆಯಿರಿ, ಉಳಿದವು ಕಳಿಸಿದವರಿಗೆ ವಾಪಸ್ ಹೋಗಲಿ. ಈ ಹೆಸರಿನಲ್ಲಿ ಮೇಲ್ ಬೇಡವೇ ಬೇಡ ಎಂದಾದರೆ ಡಿಎನ್‌ಎಸ್‌ನಲ್ಲಿ (ಹೆಸರಿನ ತಾಂತ್ರಿಕ ಸೆಟ್ಟಿಂಗ್ ಪುಟ) ಒಂದೇ ಎಂಎಕ್ಸ್ ದಾಖಲೆ, ಅಂದರೆ ಮೇಲ್ ಎಲ್ಲಿಗೆ ಹೋಗಬೇಕೆಂದು ಹೇಳುವ ಸಾಲು, ಇಡಿ: ಆದ್ಯತೆಯ ಜಾಗದಲ್ಲಿ 0, ಸರ್ವರ್ ಹೆಸರಿನ ಜಾಗದಲ್ಲಿ ಬರೀ ಒಂದು ಚುಕ್ಕೆ. ಮೇಲ್ ಕಳಿಸುವ ಸರ್ವರ್‌ಗಳಿಗೆ ಇಲ್ಲಿ ಮೇಲ್ ಸ್ವೀಕರಿಸುವುದಿಲ್ಲ ಎಂದು ಆ ಚುಕ್ಕೆಯೇ ತಿಳಿಸುತ್ತದೆ.

ಕಡೆಯದಾಗಿ ಅವಧಿ. ಒಂದೇ ಸಲಕ್ಕೆ 10 ವರ್ಷದವರೆಗೆ ಕಟ್ಟಬಹುದು, 5 ವರ್ಷ ಕಟ್ಟಿದರೂ ಒಳ್ಳೆಯದು. ಅವಧಿ ಮುಗಿಯುವ ತಾರೀಖು ಕಾಫಿ ಕೊಯ್ಲಿನ ಡಿಸೆಂಬರ್, ಜನವರಿಯಲ್ಲಿ ಬಿದ್ದಿದ್ದರೆ, ಫೋನಿನ ಕ್ಯಾಲೆಂಡರಿನಲ್ಲಿ ರಿನ್ಯೂವಲ್ ನೆನಪನ್ನು ಅದರ ಹಿಂದಿನ ಸೆಪ್ಟೆಂಬರ್‌ಗೆ ಇಡಿ. ಕೊಯ್ಲಿನ ದಿನಗಳಲ್ಲಿ ಇಮೇಲ್ ನೋಡಲು ಯಾರಿಗೂ ಪುರುಸೊತ್ತಿರುವುದಿಲ್ಲ.